ದುಬೈ ಎಂದು ಚೀಟಿ ಅಂಟಿಸಿದ್ದ ಫೋನ್

2005ರ ಸೆಪ್ಟೆಂಬರ್‌ನಲ್ಲಿ ಪಾಣೆಮಂಗಳೂರಿನ ಒಂದು ಮನೆಯಿಂದ ಪೊಲೀಸರು ಎರಡು ಹಳೆಯ ರೌಟರ್, ಮೂರು ಟೆಲಿಫೋನ್ ಮತ್ತು ಒಂದು ಪಾಸ್‌ಪೋರ್ಟ್ ವಶಪಡಿಸಿಕೊಂಡರು. ಅಕ್ರಮ ದೂರವಾಣಿ ವಿನಿಮಯ ಕೇಂದ್ರ ನಡೆಸುತ್ತಿದ್ದ ಆರೋಪದ ಮೇಲೆ ಮನೆಯ ಯಜಮಾನ ಹನೀಫ್‌ನ ಬಂಧನವಾಯಿತು. ನಾನು ಆಗ ಬಂಟ್ವಾಳದಲ್ಲಿ ದೂರವಾಣಿ ಇಲಾಖೆಯ ಉಪವಿಭಾಗ ಎಂಜಿನಿಯರ್. ಈ ಉಪಕರಣಗಳು ಏನು ಮಾಡುತ್ತವೆ ಎಂದು ಪರೀಕ್ಷಿಸಿ ತಾಂತ್ರಿಕ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಆರೋಪ ಏನೆಂದು ಮೊದಲು ಹೇಳಬೇಕು. ಗಲ್ಫ್‌ನಿಂದ ಬರುವ ಕರೆಗೆ ಆಗ ದುಬಾರಿ ದರವಿತ್ತು. ಆ ಕರೆಯನ್ನು ಇಂಟರ್ನೆಟ್ ಮೂಲಕ ಗುಟ್ಟಾಗಿ ಇಲ್ಲಿಗೆ ತಂದು, ಸ್ಥಳೀಯ ಲೈನಿಗೆ ದಾಟಿಸಿದರೆ ಅದು ಪಕ್ಕದ ಬೀದಿಯ ಕರೆಯಂತೆ ಕಾಣುತ್ತದೆ. ಸರಕಾರಕ್ಕೆ ಸಲ್ಲಬೇಕಾದ ಶುಲ್ಕ ತಪ್ಪುತ್ತದೆ. ಅದು ಅಪರಾಧ. ಹೀಗೆ ದಾಟಿಸಲು ಬೇಕಾದದ್ದು ಫೋನಿನ ದನಿಯನ್ನು ಇಂಟರ್ನೆಟ್‌ಗೆ ಹೊಂದಿಸುವ ವಾಯ್ಸ್ ಕಾರ್ಡ್ ಇರುವ ರೌಟರ್. ಹನೀಫ್‌ನ ಮನೆಯಲ್ಲಿ ಸಿಕ್ಕಿದ್ದೂ ಅದೇ.

ಹನೀಫ್ ನನಗೆ ಅಪರಿಚಿತನಲ್ಲ. 1996ರಲ್ಲಿ ನಾನು ಬೆಳ್ತಂಗಡಿಯಲ್ಲಿ ಕಿರಿಯ ಅಧಿಕಾರಿಯಾಗಿದ್ದಾಗ ಅವನು ಅಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಎಸ್.ಟಿ.ಡಿ.-ಐ.ಎಸ್.ಡಿ. ಬೂತ್ ಇಟ್ಟಿದ್ದ. ಅದರ ಲೈನು ಕೆಟ್ಟಾಗ ನೋಡಲು ಹೋಗುತ್ತಿದ್ದೆ. ಶುಕ್ರವಾರ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗಂಡಂದಿರು ದಮ್ಮಾಮ್‌ನಲ್ಲೋ ಶಾರ್ಜಾದಲ್ಲೋ ಇರುವ ಹೆಂಗಸರು ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಕಾಯುತ್ತಿದ್ದರು. ಹನೀಫ್ ಅವರ ಮುಖ ನೋಡಿಯೇ ದೇಶದ ಕೋಡ್ ಒತ್ತುತ್ತಿದ್ದ. ಯಾರೂ ಚೀಟಿ ತರಬೇಕಾಗಿರಲಿಲ್ಲ.

ಮೊಬೈಲ್ ಬಂದ ಮೇಲೆ ಬೂತ್‌ಗಳು ಒಂದೊಂದಾಗಿ ಮುಚ್ಚಿದವು. ಅವನದ್ದೂ ಮುಚ್ಚಿತು. ಅವನು ಪಾಣೆಮಂಗಳೂರಿನ ಮನೆಗೆ ಮರಳಿ, ವಾರದ ಕೊನೆಯಲ್ಲಿ ಮೂಡುಬಿದಿರೆಯ ಒಂದು ಸಣ್ಣ ತರಬೇತಿ ಕೇಂದ್ರಕ್ಕೆ ನೆಟ್‌ವರ್ಕಿಂಗ್ ಕಲಿಯಲು ಹೋಗತೊಡಗಿದ. ಕಾಲೇಜು ಹುಡುಗರ ನಡುವೆ ಮೂವತ್ತು ದಾಟಿದವನು ಅವನೊಬ್ಬನೇ. ಅಲ್ಲಿ ಕಲಿಸುತ್ತಿದ್ದ ಜಗದೀಶ್ ಎಂಬವರು ನನಗೆ ನಂತರ ಹೇಳಿದರು: “ಹುಡುಗರು ‘ಹನೀಫಾಕ’, ಅಂದ್ರೆ ಹನೀಫಣ್ಣ ಅಂತ ಕರೀತಿದ್ರು ಸಾರ್. ಬೂತಿನಲ್ಲಿ ರಾಂಗ್ ನಂಬರಿಗೆ ಹೋದ ಕಾಲ್‌ಗೆ ದುಡ್ಡು ಕೊಡದೆ ಓಡುವವರನ್ನು ಹಿಡಿಯುವುದು ಹೇಗೆ ಅಂತ ಅವ್ರಿಗೆಲ್ಲ ಕಲಿಸಿದ್ದು ಇವ್ರು. ಆದ್ರೆ ವಾಯ್ಸ್ ಪಾಠ ಬಂದಾಗ ಒಂದು ಶಬ್ದ ಬಿಡದೆ ಕೇಳ್ತಿದ್ರು.”

ಶಾರ್ಜಾದ ಒಂದು ಕಂಪನಿ ಅವನಿಗೆ ಕಚೇರಿಗಳ ಟೆಲಿಫೋನ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸ ಕೊಡಲು ಒಪ್ಪಿತು. ವೀಸಾ ಬಂತು. ನವೆಂಬರ್ ಮುಗಿಯುವುದರೊಳಗೆ ಆ ದೇಶ ಪ್ರವೇಶಿಸಬೇಕು ಎಂಬುದು ಅದರ ಷರತ್ತು. ಹೋದ ಕೂಡಲೇ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ ಇತ್ತು. ಅದರ ಅಭ್ಯಾಸಕ್ಕೆಂದು ಶಾರ್ಜಾದಲ್ಲಿದ್ದ ಅವನ ಭಾವ, ಅಲ್ಲಿ ಮುಚ್ಚಿದ ಒಂದು ಕಚೇರಿಯ ಹಳೆಯ ರೌಟರ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದುಕೊಟ್ಟಿದ್ದ.

ವಾಯ್ಸ್ ಕಾರ್ಡ್‌ಗಳಲ್ಲಿ ಎರಡು ಬಗೆ. ಎಫ್‌ಎಕ್ಸ್‌ಎಸ್ ಎಂಬುದಕ್ಕೆ ಸಾಮಾನ್ಯ ಟೆಲಿಫೋನ್ ಸಿಕ್ಕಿಸಿದರೆ ಅದು ರಿಂಗ್ ಆಗುತ್ತದೆ. ಎಫ್‌ಎಕ್ಸ್‌ಒ ಎಂಬುದು ಹೊರಗಿನ ಲೈನಿಗೆ ಸೇರುವ ಬಾಯಿ. ಮನೆಯಲ್ಲಿ ಅಭ್ಯಾಸ ಮಾಡುವವರು ಹೊರಗಿನ ಲೈನ್ ಮುಟ್ಟುವುದಿಲ್ಲ. ಒಂದು ರೌಟರ್‌ನ ಎಫ್‌ಎಕ್ಸ್‌ಎಸ್‌ನಿಂದ ಇನ್ನೊಂದರ ಎಫ್‌ಎಕ್ಸ್‌ಒಗೆ ತಂತಿ ಎಳೆದು, ಮೊದಲನೆಯದೇ ಟೆಲಿಫೋನ್ ಎಕ್ಸ್‌ಚೇಂಜ್ ಎಂದು ಭಾವಿಸಿ ಕಲಿಯುತ್ತಾರೆ. ಹನೀಫ್ ಮಾಡಿದ್ದೂ ಹಾಗೆಯೇ. ಮೂರು ಫೋನುಗಳನ್ನು ಮನೆಯ ಮುಂಭಾಗದ ಚಾವಡಿ, ಅಡುಗೆಮನೆ ಮತ್ತು ಒಳಕೋಣೆಯಲ್ಲಿಟ್ಟ. ಒಳಕೋಣೆಯಲ್ಲಿ ಅವನ ತಾಯಿ ಬೀಫಾತಿಮ್ಮ ಮಲಗಿದ್ದರು. ಪಾರ್ಶ್ವವಾಯುವಿನಿಂದ ಅವರ ಎಡಗಡೆ ಸ್ವಾಧೀನ ತಪ್ಪಿತ್ತು, ಕೂಗಿ ಕರೆಯುವಷ್ಟು ದನಿ ಉಳಿದಿರಲಿಲ್ಲ. ಅಭ್ಯಾಸಕ್ಕೆ ಕರೆ ಮಾಡುವವರು ಒಬ್ಬರು ಬೇಕು. ತಾಯಿಗೆ ಮಗನನ್ನು ಕರೆಯಲು ಒಂದು ದಾರಿ ಬೇಕು.

ಪ್ರತಿ ಫೋನಿಗೂ ಒಂದು ಸಂಖ್ಯೆ ಕೊಡಬೇಕಾಗುತ್ತದೆ. ಪುಸ್ತಕದಲ್ಲಿ 1001, 1002 ಎಂದಿರುತ್ತದೆ. ವರ್ಷಗಟ್ಟಲೆ ಬೂತ್ ನಡೆಸಿದವನ ಬೆರಳಿಗೆ ಬಂದದ್ದು ಬೇರೆ ಸಂಖ್ಯೆಗಳು, ಗಲ್ಫ್ ದೇಶಗಳ ಕೋಡ್‌ಗಳು. ಚಾವಡಿಯ ಫೋನಿಗೆ 00971, ಅಡುಗೆಮನೆಯದಕ್ಕೆ 00966 ಎಂದು ಕೊಟ್ಟ. ತಾಯಿಗೆ ನೆನಪಿರಲಿ ಎಂದು ಊರಿನ ಹೆಸರುಗಳನ್ನೇ ಹೇಳಿಕೊಟ್ಟು, ಚಾವಡಿಯದರ ಮೇಲೆ ‘ದುಬೈ’, ಅಡುಗೆಮನೆಯದರ ಮೇಲೆ ‘ದಮ್ಮಾಮ್’ ಎಂದು ಚೀಟಿ ಅಂಟಿಸಿದ.

ಬೀಫಾತಿಮ್ಮ ತಮಾಷೆಯ ಹೆಂಗಸು. ನೋಡಲು ಬಂದ ನೆಂಟರ ಮುಂದೆ ಅವರು ರಿಸೀವರ್ ಎತ್ತಿ ನಂಬರ್ ಒತ್ತುತ್ತಿದ್ದರು. “ಹಲೋ, ದುಬೈಯಾ? ಅಲ್ಲಿ ಬಿಸಿಲು ಉಂಟಾ ಮೋನೇ?” ಗೋಡೆಯಾಚೆಯಿಂದ ಮಗ, “ಒಂಟೆಗೇ ತಲೆ ತಿರುಗ್ತದೆ ಉಮ್ಮಾ” ಎನ್ನುತ್ತಿದ್ದ. ನೆಂಟರು ಬೆರಗಾದರೆ, “ದಿನಾ ಮಾತಾಡ್ತೇನೆ, ಒಂದು ಪೈಸೆ ಖರ್ಚಿಲ್ಲ” ಎಂದು ಮುಖ ಗಂಭೀರ ಮಾಡಿ ಹೇಳುತ್ತಿದ್ದರು. ಹೆಚ್ಚಿನವರಿಗೆ ಆಮೇಲೆ ಗುಟ್ಟು ತಿಳಿಯುತ್ತಿತ್ತು. ಕೆಲವರು ತಿಳಿಯುವ ಮೊದಲೇ ಎದ್ದು ಹೋದರು. ಮಾತು ಹತ್ತಿರದ ಬಿ.ಸಿ.ರೋಡ್ ಪೇಟೆ ತಲುಪಿತು. ಪಾಣೆಮಂಗಳೂರಿನ ಮನೆಯೊಂದರಿಂದ ದುಬೈಗೆ ಪುಕ್ಕಟೆ ಕರೆ ಹೋಗುತ್ತದೆ ಎಂದು ಪೊಲೀಸರಿಗೆ ಹೆಸರಿಲ್ಲದ ಅರ್ಜಿ ಬಂತು.

ಪೊಲೀಸರು ಹೋದಾಗ ಕಂಡದ್ದು ಇಷ್ಟು: ದೀಪ ಮಿನುಗುವ ವಿದೇಶಿ ಯಂತ್ರ, ದುಬೈ ಎಂದು ಬರೆದ ಫೋನ್, ಶಾರ್ಜಾದ ವೀಸಾ. ಪರಾರಿಯಾಗುವ ಸಿದ್ಧತೆ ಎಂದು ಪಾಸ್‌ಪೋರ್ಟನ್ನೂ ಎತ್ತಿಕೊಂಡರು.

ನಾನು ಠಾಣೆಗೆ ಹೋದಾಗ ಹನೀಫ್‌ನನ್ನೂ ಅಲ್ಲಿ ಕೂರಿಸಿದ್ದರು. ಸಬ್‌ಇನ್‌ಸ್ಪೆಕ್ಟರ್ ಬಯಲುಸೀಮೆಯವರು, ಚಿಕ್ಕ ವಯಸ್ಸು. “ಫೋನ್ ಮೇಲೇ ದುಬೈ ಅಂತ ಬರ್ಕೊಂಡವ್ನೆ. ಇನ್ನೇನ್ ಸಾಕ್ಷಿ ಬೇಕು ಸಾರ್?” ಎಂದರು. ನಾನು ಪಂಚರ ಎದುರಿನಲ್ಲಿ, ಮನೆಯಲ್ಲಿ ಇದ್ದ ಹಾಗೆಯೇ ತಂತಿಗಳನ್ನು ಜೋಡಿಸಿ ವಿದ್ಯುತ್ ಕೊಟ್ಟೆ. ಎಫ್‌ಎಕ್ಸ್‌ಒದಿಂದ ಹೊರಟ ತಂತಿ ಪಕ್ಕದ ರೌಟರ್‌ನಲ್ಲೇ ಮುಗಿಯುತ್ತಿತ್ತು. ಒಳಕೋಣೆಯ ಫೋನನ್ನು ಸಬ್‌ಇನ್‌ಸ್ಪೆಕ್ಟರ್ ಕೈಗೆ ಕೊಟ್ಟು, 00971 ಒತ್ತಲು ಹೇಳಿದೆ. ಅವರು ಒತ್ತಿದರು. ಅವರ ಮೊಣಕೈ ಪಕ್ಕದಲ್ಲಿದ್ದ ಫೋನ್ ರಿಂಗ್ ಆಯಿತು.

“ಇದು ದುಬೈಯಾ?” ಎಂದರು.

“ನಿಮ್ಮ ಮೇಜು” ಎಂದೆ.

ಊರಿನವನೇ ಆದ ಕಾನ್‌ಸ್ಟೇಬಲ್ ಒಬ್ಬ ಹನೀಫ್‌ನತ್ತ ತಿರುಗಿ, “ಹಾಗಾದ್ರೆ ದಮ್ಮಾಮ್ ಎಲ್ಲಿ ಮಾರಾಯ?” ಎಂದು ಕೇಳಿದ.

“ಅಡುಗೆಕೋಣೆಯಲ್ಲಿ” ಎಂದ ಹನೀಫ್.

ಎಲ್ಲರೂ ನಕ್ಕರು. ಹನೀಫ್ ಕೂಡ ನಕ್ಕ. ಅವನು ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದನೆಂದು ಕಾಣುತ್ತದೆ. ಸಬ್‌ಇನ್‌ಸ್ಪೆಕ್ಟರ್ ನನ್ನನ್ನು ಹೊರಗೆ ಕರೆದು, “ನಂಗೆ ಅರ್ಥ ಆಯ್ತು ಸಾರ್. ಆದ್ರೆ ಎಫ್‌ಐಆರ್ ಹೋಗ್ಬಿಟ್ಟಿದೆ. ಇನ್ನು ಕೋರ್ಟೇ ಹೇಳ್ಬೇಕು” ಎಂದರು. ಅವರು ಹೇಳಿದ್ದು ಸರಿಯೇ.

ಮನೆಗೆ ಹೊರಗಿನ ಲೈನ್ ಅಥವಾ ಇಂಟರ್ನೆಟ್ ಇದೆಯೇ ಎಂದು ನೋಡುವುದೂ ನನ್ನ ಕೆಲಸ. ಹೋದೆ. ಎರಡೂ ಇರಲಿಲ್ಲ. ಇದ್ದ ಒಂದು ಲೈನನ್ನು ಹಿಂದಿನ ವರ್ಷವೇ ಇಲಾಖೆಗೆ ಮರಳಿಸಿದ್ದರು. ಹನೀಫ್‌ನ ಹೆಂಡತಿ ಒಳಕೋಣೆಯ ಬಾಗಿಲು ತೆರೆದರು. ಬೀಫಾತಿಮ್ಮನಿಗೆ ಕನ್ನಡ ಸರಿಯಾಗಿ ಬಾರದು. ಅವರು ಬ್ಯಾರಿ ಭಾಷೆಯಲ್ಲಿ, ನಾನು ತುಳುವಿನಲ್ಲಿ ಮಾತಾಡಿದೆವು.

“ತಮಾಷೆ ಮಾಡಿದ್ದು ನಾನು. ಕೇಸು ನನ್ನ ಮೇಲೆ ಹಾಕ್ಲಿಕ್ಕೆ ಆಗುದಿಲ್ವಾ?”

“ಆಗುದಿಲ್ಲ ಉಮ್ಮ.”

“ಹಾಗಾದ್ರೆ ನನ್ನನ್ನು ಹೊತ್ತುಕೊಂಡು ಹೋಗಿ. ದುಬೈ ನಮ್ಮ ಚಾವಡಿಯಲ್ಲಿ ಉಂಟು, ಬಂದು ನೋಡಿ ಅಂತ ಜಡ್ಜರಿಗೆ ನಾನೇ ಹೇಳ್ತೇನೆ.”

ಅವರು ಸೊಸೆಯ ಕಡೆಗೆ ನೋಡಿ, “ಇವರಿಗೆ ಚಾ ಕೊಟ್ಟೆಯಾ?” ಎಂದರು.

ಮರುದಿನ ವರದಿ ಬರೆದೆ. ಉಪಕರಣ ಅಧ್ಯಯನಕ್ಕಾಗಿ ಜೋಡಿಸಿದ್ದು, ಮನೆಯ ಗೋಡೆಗಳಾಚೆ ಒಂದು ಕರೆಯೂ ಹೋಗುವ ಅಥವಾ ಬರುವ ಸಾಧ್ಯತೆಯಿಲ್ಲ ಎಂಬುದು ಅದರ ಸಾರ. ಆರೋಪಿ ನನಗೆ 1996ರಿಂದ ಪರಿಚಿತ ಎಂಬುದನ್ನು ಮೊದಲ ಸಾಲಿನಲ್ಲಿ ದಾಖಲಿಸಿದೆ. ಪರೀಕ್ಷಿಸುವವನಿಗೂ ಆರೋಪಿಗೂ ಪರಿಚಯವಿದ್ದರೆ ಅದನ್ನು ಹೇಳಬೇಕು. ನಾನು ಕಲಿತ ಕ್ರಮ ಅದು.

ಹನೀಫ್‌ಗೆ ಜಾಮೀನು ಬೇಗ ಸಿಕ್ಕಿತು. ಪಾಸ್‌ಪೋರ್ಟ್ ಬಿಡಿಸಿಕೊಡಲು ಅವನ ವಕೀಲರು ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿದರು, ಆಧಾರ ನನ್ನ ವರದಿ. ಸರಕಾರಿ ವಕೀಲರು ಎದ್ದುನಿಂತು ಅದರ ಮೊದಲ ಸಾಲು ಓದಿದರು. ಪರಿಚಿತ ಅಧಿಕಾರಿಯ ಅಭಿಪ್ರಾಯ ಸಾಲದು, ಬೇರೆ ಕಡೆಯ ತಜ್ಞರಿಂದ ಪರೀಕ್ಷೆಯಾಗಲಿ ಎಂದರು. ಆಕ್ಷೇಪ ಕಾನೂನಿನ ಪ್ರಕಾರ ಸರಿಯಾಗಿತ್ತು. ನ್ಯಾಯಾಲಯ ಒಪ್ಪಿತು. ಪೆಟ್ಟಿಗೆಗಳಿಗೆ ಮೊಹರು ಹಾಕಿ ಬೆಂಗಳೂರಿಗೆ ಕಳುಹಿಸಿದರು.

ಅಂದು ನ್ಯಾಯಾಲಯದ ಹೊರಗೆ ಜಗಲಿಯಲ್ಲಿ ಹನೀಫ್ ನನ್ನ ಹತ್ತಿರ ಬಂದ. ಸಾಕ್ಷಿ ಹೇಳಲು ಮೂಡುಬಿದಿರೆಯಿಂದ ಬಂದಿದ್ದ ಜಗದೀಶ್ ಅವನ ಹಿಂದೆ ನಿಂತಿದ್ದರು.

“ಸಾರ್, ಆ ಒಂದು ಸಾಲು ಬರೀಲೇಬೇಕಿತ್ತಾ?”

“ಬರೆಯಬೇಕಿತ್ತು ಹನೀಫ್.”

“ಹೌದು. ಬರೀದಿದ್ರೆ ಆಮೇಲೆ ನಿಮಗೂ ತೊಂದರೆ” ಎಂದ. “ಬನ್ನಿ, ಏನಾದ್ರೂ ಕುಡಿಯುವ.” ಮೂವರೂ ಹೋಟೆಲಿಗೆ ಹೋದೆವು. ಅಲ್ಲಿ ಯಾರೂ ಕೇಸಿನ ಮಾತೆತ್ತಲಿಲ್ಲ.

ನವೆಂಬರ್ ಮುಗಿಯಿತು. ಹನೀಫ್ ಶಾರ್ಜಾಕ್ಕೆ ಫೋನ್ ಮಾಡಿ ಕಾಲಾವಕಾಶ ಕೇಳಿದ್ದ. ಕೇಸಿನ ವಿಷಯವನ್ನು ಅವನು ಮುಚ್ಚಿಡಲಿಲ್ಲ. ಆ ಕೆಲಸಕ್ಕೆ ಬೇರೊಬ್ಬರನ್ನು ತೆಗೆದುಕೊಂಡರು.

ಬೀಫಾತಿಮ್ಮ 2006ರ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಅವರಿಗೆ ಮಗನನ್ನು ಕರೆಯಲು ಕೈಗೊಂದು ಗಂಟೆ ಕೊಟ್ಟಿದ್ದರಂತೆ. ಅದನ್ನು ಅವರು ಬಾರಿಸಲಿಲ್ಲ ಎಂದು ಸೊಸೆ ಹೇಳಿದರು. ನೆಂಟರು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರಂತೆ. ಒಮ್ಮೆ ಹನೀಫ್ ಹಾಸಿಗೆಯ ಬಳಿ ಕೂತು, ಬರಿಗೈಯನ್ನು ಕಿವಿಗಿಟ್ಟು, “ಹಲೋ ಉಮ್ಮಾ, ದುಬೈಯಿಂದ” ಎಂದನಂತೆ. ಅವರು ಅವನ ಕೈ ಹಿಡಿದು ಕೆಳಗಿಳಿಸಿದರು.

ಬೆಂಗಳೂರಿನ ವರದಿ 2007ರಲ್ಲಿ ಬಂತು. ಅದು ನನ್ನ ವರದಿಯ ಮಾತನ್ನೇ ಹೇಳಿತು. ಅಪರಾಧ ನಡೆದಿಲ್ಲವೆಂದು ಪೊಲೀಸರು ಅಂತಿಮ ವರದಿ ಸಲ್ಲಿಸಿದರು, ಪ್ರಕರಣ ಮುಕ್ತಾಯವಾಯಿತು, ಪಾಸ್‌ಪೋರ್ಟೂ ಉಪಕರಣಗಳೂ ಅವನ ಕೈಗೆ ಮರಳಿದವು. ರೌಟರ್‌ಗಳನ್ನು ಹನೀಫ್ ಮೂಡುಬಿದಿರೆಯ ತರಬೇತಿ ಕೇಂದ್ರಕ್ಕೆ ಕೊಟ್ಟ. ಅವುಗಳಲ್ಲಿ ಒಂದು ಮಾತ್ರ ಚಾಲೂ ಆಯಿತು ಎಂದು ಜಗದೀಶ್ ತಿಳಿಸಿದರು.

ಆ ನಂತರ ನಾನು ಬರೆದ ತಾಂತ್ರಿಕ ವರದಿಗಳಲ್ಲೂ ಪರಿಚಯವಿದ್ದಲ್ಲಿ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಬರೆಯುವಾಗ ಆ ಸಾಲಿನ ಭಾರ ಯಾರ ಮೇಲೆ ಬೀಳುತ್ತದೆ ಎಂದು ಪ್ರತಿ ಸಲವೂ ತಿಳಿದೇ ಬರೆದಿದ್ದೇನೆ. ಇವೆರಡನ್ನೂ ನನಗೆ ಕಲಿಸಿದ್ದು ಈ ವೃತ್ತಿ.

ಹನೀಫ್ ಈಗ ಬಿ.ಸಿ.ರೋಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಪಾಸ್‌ಪೋರ್ಟ್ ಅವಧಿ 2009ರಲ್ಲಿ ಮುಗಿಯಿತು. ನವೀಕರಣಕ್ಕೆ ಅವನು ಅರ್ಜಿ ಹಾಕಿಲ್ಲ.