ಖಾಲಿ ಫೋನಿನಲ್ಲಿ ಕೇಳಿದ ದನಿ

ದೆವ್ವ, ಗಾಳಿ ಅನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಮದ್ದೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ಫೋನು ತಾನಾಗಿಯೇ ಮಾತಾಡಿತು ಎಂದು ಯಾರಾದರೂ ಬಂದರೆ, ನೀರಿಗೆ ಬಿದ್ದಿತ್ತಾ ಎಂದು ಕೇಳುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಿಡಘಟ್ಟದ ಹೆಂಗಸೊಬ್ಬರು ಬಂದರು. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಒಬ್ಬಳೇ ಮಗಳು ಜ್ವರ ಬಂದು ತೀರಿಹೋಗಿದ್ದಳು. ಅವಳು ಕೊನೆಯ ಸಲ ಮಾಡಿದ ಕರೆ ತಾಯಿಯ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ದಿನವೂ ಅದನ್ನು ಕೇಳುತ್ತಿದ್ದರಂತೆ. ಈಗ ಫೋನು ಕಂಪನಿಯ ಹೆಸರು ತೋರಿಸಿ ಅಲ್ಲೇ ನಿಂತುಬಿಡುತ್ತಿತ್ತು.

"ಫೋನ್ ಓಗ್ಲಿ ಬುಡು ಕಣಪ್ಪ. ಮಗೀನ್ ದನಿ ಒಂದ್ ಉಳ್ಸ್‌ಕೊಡು," ಎಂದರು.

ಇಂಥ ಫೋನಿಗೆ ಸಾಫ್ಟ್‌ವೇರನ್ನು ಹೊಸದಾಗಿ ತುಂಬಬೇಕು. ನಾವು ಅದನ್ನು ಫ್ಲಾಶ್ ಮಾಡುವುದು ಅನ್ನುತ್ತೇವೆ. ಕಂಪನಿಯ ಟೂಲಿನಲ್ಲಿ, ಅಂದರೆ ಅವರೇ ಕೊಡುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ, ಮಾಡಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಯಾರೋ ತಿದ್ದಿ ಬದಲಾಯಿಸಿದ ಒಂದು ಟೂಲು ನಮ್ಮಂಥವರ ನಡುವೆ ಓಡಾಡುತ್ತಿತ್ತು. ಅದು ಫೋಟೊ, ರೆಕಾರ್ಡಿಂಗು ಮುಟ್ಟುವುದಿಲ್ಲ ಎನ್ನುತ್ತಿದ್ದರು. ಉಳಿದರೆ ನಿಮ್ಮ ಪುಣ್ಯ ಎಂದು ಆಕೆಗೆ ಹೇಳಿಯೇ ಅದರಲ್ಲಿ ಶುರುಮಾಡಿದೆ.

ಆಕೆ ನೀರು ಕುಡಿಯಲು ಎದುರಿನ ಹೋಟೆಲಿಗೆ ಹೋಗಿದ್ದಾಗ ಫ್ಲಾಶ್ ಮುಗಿಯಿತು. ಫೋನು ಹೊಚ್ಚಹೊಸದರಂತೆ ಪರದೆಯ ಮೇಲೆ ಯಾವ ಭಾಷೆ ಬೇಕೆಂದು ಕೇಳಿತು. ಎಲ್ಲ ಹೋಗಿತ್ತು. ಆಕೆಗೆ ಹೇಗೆ ಮುಖ ತೋರಿಸಲಿ ಎಂದು ತಲೆ ಹಿಡಿದು ಕೂತೆ.

ಆಗ ಫೋನು ಮಾತಾಡಿತು.

"ಅವ್ವಾ, ಬಸ್ ಸಿಕ್ತು ಕಣವ್ವ. ಮುದ್ದೆ ನೀ ತೊಳಸ್ಬ್ಯಾಡ, ಕೈ ನೋಯ್ತದೆ. ನಾನ್ ಬಂದು ತೊಳಸ್ತೀನಿ."

ಫೋನಿನಲ್ಲಿ ಸಿಮ್ ಇರಲಿಲ್ಲ. ಫ್ಲಾಶ್ ಮಾಡಲು ಫೋನು ತೆರೆದಾಗ ಸ್ಪೀಕರನ್ನು ನಾನೇ ಬಿಚ್ಚಿ ಪಕ್ಕಕ್ಕಿಟ್ಟಿದ್ದೆ.

ಆಕೆ ಬಂದ ಮೇಲೆ ಕೇಳಿದ್ದನ್ನು ಹಾಗೆಯೇ ಹೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರೆಕಾರ್ಡಿಂಗಿನಲ್ಲಿ ಇದ್ದದ್ದೂ ಅದೇ ಮಾತಂತೆ, ಒಂದಕ್ಷರವೂ ಬದಲಿಲ್ಲ. ಸ್ಪೀಕರ್ ಕೂರಿಸಿದೆ, ಸಂಜೆಯವರೆಗೆ ಫೋನನ್ನು ಜಾಲಾಡಿದೆ. ಏನೂ ಸಿಗಲಿಲ್ಲ. ಕೊನೆಗೆ ಆಕೆ ಅದನ್ನು ಕಿವಿಗೊತ್ತಿಕೊಂಡು ಬಹಳ ಹೊತ್ತು ಕೂತಿದ್ದರು.

"ನಂಗ್ ಏಳಿದ್ ಮಾತಲ್ವಾ ಅದು? ನಿಂಗ್ಯಾಕಪ್ಪ ಕೇಳುಸ್ತು?" ಎಂದರು.

ಆ ಹುಡುಗಿಯ ಮುಖ ಕೂಡ ಕಂಡವನಲ್ಲ ನಾನು. ನನಗೇಕೆ ಕೇಳಿಸಿತೋ ಇವತ್ತಿಗೂ ತಿಳಿದಿಲ್ಲ. ಕೇಳಿಸದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಮೊನ್ನೆ ಆಕೆ ಮತ್ತೆ ಅಂಗಡಿಗೆ ಬಂದಿದ್ದರು. ಮಗಳ ದನಿ ಈಚೆಗೆ ನೆನಪಿಗೇ ಬರುತ್ತಿಲ್ಲವಂತೆ.

"ನೀ ಕೇಳಿದ್ಯಲ್ಲಪ್ಪ, ಎಂಗಿತ್ತು ಒಸಿ ಏಳು," ಎಂದರು.

ನನ್ನ ಕಿವಿಯಲ್ಲಿ ಅದು ಇನ್ನೂ ಹಾಗೆಯೇ ಇದೆ. ಆದರೆ ದನಿಯನ್ನು ಬಾಯಲ್ಲಿ ಹೇಳುವುದು ಹೇಗೆ?