ಬಾಗಿಲ ಸಂದಿಯ ಹಸಿರು

ಸುದ್ದಗುಂಟೆಪಾಳ್ಯದ ಆ ಗ್ಯಾರೇಜಿಗೆ ಕಾಲಿಡುವ ಮೊದಲೇ ಥಿನ್ನರ್ ವಾಸನೆ ಮೂಗಿಗೆ ಬಡಿಯಿತು. ಕೆಲವರಿಗೆ ಆ ವಾಸನೆ ಇಷ್ಟವಂತೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಹೋಗಿದ್ದು ಅಣ್ಣನ ಅಪ್ಪಣೆಯ ಮೇಲೆ. "ನೀನು ಅಲ್ಲೇ ಹತ್ರ ಇದೀಯಲ್ಲ, ಅಪ್ಪನ ಕಾರಿಗೆ ಪೇಂಟ್ ಸರಿಯಾಗಿ ಹೊಡೀತಾರಾ ನೋಡ್ಕೊಂಡು ಬಾ. ಈ ವಾರ ಪಾರ್ಟಿ ಬರ್ತಾರೆ" ಎಂದಿದ್ದ. ಪಾರ್ಟಿ ಎಂದರೆ ಕೊಳ್ಳುವವರು.

ಅಪ್ಪನ ಕಾರು ಹಸಿರು. ಅದನ್ನು ಅವರು ಗಿಣಿ ಎನ್ನುತ್ತಿದ್ದರು. ಬನಶಂಕರಿಯ ನಮ್ಮ ಮನೆ ರಸ್ತೆಯಲ್ಲಿ ನನಗೆ ಡ್ರೈವಿಂಗ್ ಕಲಿಸಿದ್ದು ಅದರಲ್ಲೇ. ನಾನು ಗೇರು ಬದಲಿಸಿದಾಗಲೆಲ್ಲ ಅದು ಕಿರುಚುತ್ತಿತ್ತು. "ಗಿಣಿ ಮಾತಾಡ್ತಿದೆ, ನೀನು ಓಡ್ಸಮ್ಮ" ಎನ್ನುತ್ತಿದ್ದರು. ಇವತ್ತಿಗೂ ನಾನು ಆಟೋದಲ್ಲೇ ಓಡಾಡುತ್ತೇನೆ, ಅದು ಬೇರೆ ಮಾತು.

ಅಪ್ಪ ತೀರಿಕೊಂಡ ವರ್ಷವೇ ಅಣ್ಣ ಕಾರು ಮಾರಲು ನಿಂತ. ನನಗೆ ಕೊಡು ಎಂದೆ. "ಬಿಟಿಎಮ್ಮಿನ ನಿನ್ ಫ್ಲ್ಯಾಟಲ್ಲಿ ಪಾರ್ಕಿಂಗೇ ಇಲ್ಲ, ತಲೆ ಮೇಲೆ ಇಟ್ಕೋತೀಯೇನೇ?" ಎಂದ. ಗಿಣಿ ಬಣ್ಣದ ಕಾರನ್ನು ಯಾರೂ ಮೂಸಿ ನೋಡುವುದಿಲ್ಲ, ಬಿಳಿ ಮಾಡಿದರೆ ತಕ್ಷಣ ಹೋಗುತ್ತದೆ ಎಂದು ವೀಡಿಯೊ ನೋಡಿ ಸ್ಪ್ರೇ ಡಬ್ಬಗಳನ್ನೂ ತಂದ.

ನೀವು ಯಾವತ್ತಾದರೂ ಕಾರಿಗೆ ಬಣ್ಣ ಹೊಡೆಯಲು ಹೊರಟರೆ ನಮ್ಮಣ್ಣ ಮಾಡಿದ್ದನ್ನೆಲ್ಲ ಬಿಟ್ಟುಬಿಡಿ, ಸಾಕು. ಉಪ್ಪುಕಾಗದದಲ್ಲಿ ಉಜ್ಜಿದವನು ಧೂಳು ಒರೆಸಲಿಲ್ಲ. ಡಬ್ಬವನ್ನು ಕಾರಿಗೆ ಗುಟ್ಟು ಹೇಳುವಷ್ಟು ಹತ್ತಿರ ಹಿಡಿದ. ಗಾಜಿಗೆ ಅಂಟಿಸಿದ ಪೇಪರು ಗಾಳಿಗೆ ಎದ್ದು ಗಾಜಿಗೂ ಬಣ್ಣವಾಯಿತು. ಪೇಪರನ್ನು ಒತ್ತಿ ಹಿಡಿದಿದ್ದ ನನ್ನ ಮೊಣಕೈಗೂ ಆಯಿತು. ಮೊದಲ ಕೋಟು ಇನ್ನೂ ಬೆರಳಿಗೆ ಅಂಟುತ್ತಿತ್ತು. ಭಾನುವಾರ ಬೇರೆ, ನಾಲ್ಕೂವರೆಗೆ ರಾಹುಕಾಲ.

"ಒಣಗಲಿ ಬಿಡೋ ಅಣ್ಣ."

"ರಾಹುಕಾಲದಲ್ಲಿ ಎರಡನೇ ಕೋಟ್ ಶುರು ಮಾಡೋಕಾಗುತ್ತಾ? ಈಗ್ಲೇ ಹೊಡೆದು ಮುಗಿಸ್ತೀನಿ."

ಮುಗಿಸಿದ. ಬಾಗಿಲಿನ ಮೇಲೆ ಬಣ್ಣ ಮೇಣದಬತ್ತಿಯಂತೆ ಇಳಿದು ಹಾಗೇ ಗಟ್ಟಿಯಾಯಿತು. ಬಾಗಿಲು ತೆಗೆದರೆ ಸಂದಿಯಲ್ಲೆಲ್ಲ ಹಸಿರೋ ಹಸಿರು. ಅಲ್ಲಿಗೂ ಬಣ್ಣ ಬೇಕೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಬಂದ ಪಾರ್ಟಿಗಳು ಬಾಗಿಲು ತೆಗೆದು ನಕ್ಕು ಹೋದರು. ಅಣ್ಣ ರೇಗಿ ಕಾರಿಗೆ ಕವರು ಹೊದಿಸಿ ಮರೆತ.

ನಾನು ಮರೆಯಲಿಲ್ಲ. ತವರಿಗೆ ಹೋದಾಗಲೆಲ್ಲ ಕವರು ಎತ್ತಿ, ಬಾಗಿಲು ತೆಗೆದು, ಆ ಹಸಿರು ನೋಡಿ ಬರುತ್ತಿದ್ದೆ. ಅಪ್ಪನನ್ನು ಅಣ್ಣ ಅಷ್ಟು ಬೇಗ ಅಳಿಸಲು ಹೊರಟನಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದರೆ ಇಷ್ಟು ದಿನ ಕಾರು ಮನೆಯಲ್ಲೇ ಉಳಿದದ್ದು ಅವನಿಗೆ ಕೆಲಸ ಬಾರದ ಪುಣ್ಯದಿಂದಲೇ. ಈಗ ಅವನಿಗೆ ಮತ್ತೆ ಮಾರುವ ಮನಸ್ಸಾಗಿ ಕಾರನ್ನು ಗ್ಯಾರೇಜಿಗೇ ಕೊಟ್ಟಿದ್ದ.

ಗ್ಯಾರೇಜಿನಲ್ಲಿ ಬಣ್ಣ ಇಳಿದಿದ್ದ ಗುರುತೇ ಇರಲಿಲ್ಲ, ಎಲ್ಲ ನುಣ್ಣಗೆ ಉಜ್ಜಿದ್ದರು. ಪೇಂಟರು ಬಾಗಿಲು ತೆಗೆದು ಹಿಡಿದರು.

"ಮೇಡಂ, ಒಳಗೆ ಹಳೇ ಕಲರ್ ಬಿಟ್ಬಿಟ್ಟಿದಾರೆ. ಸಾರ್ ಹೇಳಿದಾರೆ, ಒಂಚೂರೂ ಕಾಣ್ಬಾರ್ದು ಅಂತ. ಹೊಡೀಲಾ?"

ಬೇಡ ಎನ್ನಬಹುದಿತ್ತು. ಮಾರಿದ ಮೇಲೆ ಆ ಬಾಗಿಲು ತೆಗೆಯುವವರು ಯಾರೋ. "ಹೊಡೀರಿ" ಎಂದೆ.

ಅಷ್ಟರಲ್ಲಿ ಅಣ್ಣನ ಫೋನು. "ಹೇಗೆ ಬರ್ತಿದೆಯೇ?"

"ಚೆನ್ನಾಗಿ ಬರ್ತಿದೆ. ಈ ಸಲ ಯಾವ ತಪ್ಪೂ ಆಗ್ತಿಲ್ಲ ಕಣೋ" ಎಂದೆ.