ಫ್ಲಶ್ ಟ್ಯಾಂಕಿನ ಕೆಂಪು ನೀರು

ಫ್ರೆಂಡ್ಸ್, ಕಡೂರಿನ ನಮ್ಮ ಕಾಂಪ್ಲೆಕ್ಸಿಗೆ ಇವತ್ತು ಯಾರೋ ಮಾಟ ಮಾಡಿಸಿದಾರಂತೆ. ಮಾಡಿದ್ದು ನಾನೇ.

ಇಲ್ಲಿನ ಮೇಂಟೆನೆನ್ಸ್ ನನ್ನದು. ಯಾವ ಟಾಯ್ಲೆಟ್ಟಲ್ಲಿ ನೀರು ಸೋರ್ತಿದೆ ಅಂತ ಪತ್ತೆ ಮಾಡೋಕೆ ಬೆಳಿಗ್ಗೆ ಎಲ್ಲ ಫ್ಲಶ್ ಟ್ಯಾಂಕಿಗೂ ಕೇಕಿಗೆ ಬಳಸೋ ಕೆಂಪು ಬಣ್ಣ ಹಾಕಿದ್ದೆ. ಫ್ಲಶ್ ಮಾಡದೇನೇ ಕಮೋಡಿಗೆ ಕೆಂಪು ಇಳಿದರೆ ಅದೇ ಕಳ್ಳ.

ಬಟ್ಟೆ ಅಂಗಡಿ ಶಿವಣ್ಣ ಓಡಿ ಬಂದರು. "ಯಾರೋ ಮಾಟ ಮಾಡ್ಸವ್ರೆ ಕಣ್ರೀ, ಕಮೋಡ್ ತುಂಬಾ ಕುಂಕುಮದ ನೀರು."

"ಅದು ಬಣ್ಣ ಕಣಣ್ಣ, ವಾಲ್ವ್ ಸೋರ್ತಿದೆ."

ಅಷ್ಟರಲ್ಲಿ ಮಾಟದ ಸುದ್ದಿ ಓನರಿಗೆ ಮುಟ್ಟಿತ್ತು. ನೀರು ಪೋಲಾಗ್ತಿದೆ ಅಂದಾಗೆಲ್ಲ "ನೋಡೋಣ" ಅಂತಿದ್ದವರು ಪ್ಲಂಬರನ್ನ ಬೈಕಲ್ಲಿ ಕೂರಿಸ್ಕೊಂಡೇ ಬಂದರು. ಸೋರೋ ವಾಲ್ವೆಲ್ಲ ಬದಲಾದವು. ಮಧ್ಯಾಹ್ನಕ್ಕೇ ಬರಿದಾಗ್ತಿದ್ದ ಮೇಲಿನ ಟ್ಯಾಂಕಲ್ಲಿ ಸಂಜೆಗೂ ನೀರಿದೆ.

ಟೆರೇಸಿನ ಪೈಪೂ ಸೋರ್ತಿದೆ. ನಾಳೆ ಅದರ ಬುಡಕ್ಕೊಂದು ನಿಂಬೆಹಣ್ಣು ಇಡ್ತೀನಿ.